ಆಸ್ಕರ್ ಶ್ಮಿಟ್: ಎನ್‌ಬಿಎ ಬೇಡ ಎಂದ ಆಟಗಾರನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಸ್ಕೆಟ್‌ಬಾಲ್ ಎಂದರೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಒಂದೇ ಎಂದುಕೊಂಡವರಿಗೆ ಈ ಹೆಸರು ಸಾಮಾನ್ಯವಾಗಿ ತಡವಾಗಿ ಪರಿಚಯವಾಗುತ್ತದೆ. ಪರಿಚಯವಾದ ಮೇಲೆ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಅವುಗಳಿಗೆ ಇಲ್ಲಿ ಉತ್ತರಗಳಿವೆ. ಕೆಲವು ಉದ್ದ, ಕೆಲವು ಎರಡೇ ಸಾಲು.

ಆಸ್ಕರ್ ಶ್ಮಿಟ್ ಯಾರು?

ಬ್ರೆಜಿಲ್‌ನ ಈಶಾನ್ಯ ಕರಾವಳಿಯ ನಟಾಲ್ ನಗರದಲ್ಲಿ 1958ರ ಫೆಬ್ರುವರಿ 16ರಂದು ಹುಟ್ಟಿದ ಬ್ಯಾಸ್ಕೆಟ್‌ಬಾಲ್ ಆಟಗಾರ. ಪೂರ್ಣ ಹೆಸರು ಆಸ್ಕರ್ ಡೇನಿಯಲ್ ಬೆಜೆರಾ ಶ್ಮಿಟ್. ಎತ್ತರ 2.05 ಮೀಟರ್. ಆ ಕಾಲದಲ್ಲಿ ಅಷ್ಟು ಎತ್ತರದವರನ್ನು ಬುಟ್ಟಿಯ ಕೆಳಗೆ ನಿಲ್ಲಿಸಿ ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು) ಹಿಡಿಯಲು ಹಚ್ಚುತ್ತಿದ್ದರು. ಇವರು ದೂರದಲ್ಲಿ ನಿಂತು ಎಸೆಯುತ್ತಿದ್ದರು. ಎದುರಾಳಿಗಳಿಗೆ ತಲೆನೋವಾದದ್ದು ಇದೇ: ಎಸೆತ ತಡೆಯಬಲ್ಲಷ್ಟು ಎತ್ತರದವರಿಗೆ ಇವರ ಹಿಂದೆ ಅಷ್ಟು ದೂರ ಬಂದು ಓಡಾಡುವ ಚುರುಕಿಲ್ಲ, ಚುರುಕಾಗಿದ್ದವರ ಕೈ ಚೆಂಡಿಗೆ ಎಟುಕುವುದಿಲ್ಲ.

ಎನ್‌ಬಿಎಯಲ್ಲಿ ಯಾಕೆ ಆಡಲಿಲ್ಲ? ಆಯ್ಕೆಯಾಗಿರಲಿಲ್ಲವೇ?

ಆಯ್ಕೆಯಾಗಿದ್ದರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1984ರಲ್ಲಿ, ಆರನೇ ಸುತ್ತಿಗೆ, ಒಟ್ಟಾರೆ 131ನೆಯವರಾಗಿ ನ್ಯೂಜೆರ್ಸಿ ನೆಟ್ಸ್ ತಂಡ ಇವರ ಹೆಸರು ಕೂಗಿತ್ತು. ಮೈಕಲ್ ಜೋರ್ಡನ್ ಎನ್‌ಬಿಎಗೆ ಬಂದದ್ದೂ ಅದೇ ಡ್ರಾಫ್ಟ್‌ನಲ್ಲಿ. ಆಸ್ಕರ್ ಒಲ್ಲೆ ಎಂದರು.

ಕಾರಣ ತಿಳಿಯಬೇಕಾದರೆ ಆಗಿನ ನಿಯಮ ಗೊತ್ತಿರಬೇಕು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಆಗ ಎನ್‌ಬಿಎ ಆಟಗಾರರನ್ನು ಒಲಿಂಪಿಕ್ಸ್‌ಗಾಗಲಿ ವಿಶ್ವ ಚಾಂಪಿಯನ್‌ಷಿಪ್‌ಗಾಗಲಿ ಬಿಟ್ಟುಕೊಳ್ಳುತ್ತಿರಲಿಲ್ಲ. ಅವರು ವೃತ್ತಿಪರರು, ಇದು ಹವ್ಯಾಸಿಗಳ ಕ್ರೀಡೆ ಎಂಬುದು ವಾದ. ಆದರೆ ಇಟಲಿಯ ಕ್ಲಬ್ಬಿನಿಂದ ಕೈತುಂಬಾ ಸಂಬಳ ಎಣಿಸಿಕೊಂಡವರು ಮರುದಿನವೇ ದೇಶದ ಜೆರ್ಸಿ ತೊಟ್ಟು ಆಡಬಹುದಿತ್ತು. ಸಂಬಳ ಅಟ್ಲಾಂಟಿಕ್‌ನ ಯಾವ ದಡದಲ್ಲಿ ಸಿಗುತ್ತದೆ ಎಂಬುದರ ಮೇಲೆ ಆಟಗಾರ ಹವ್ಯಾಸಿಯೋ ವೃತ್ತಿಪರನೋ ಎಂದು ತೀರ್ಮಾನವಾಗುತ್ತಿತ್ತು. ಈ ಬೂಟಾಟಿಕೆ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನೆಟ್ಸ್ ಪರ ಒಂದು ಪಂದ್ಯ ಆಡಿದರೂ ಬ್ರೆಜಿಲ್ ತಂಡದ ಬಾಗಿಲು ಮುಚ್ಚುತ್ತಿತ್ತು. ಆಸ್ಕರ್ ಬ್ರೆಜಿಲ್ ತಂಡವನ್ನು ಆರಿಸಿಕೊಂಡರು.

ಹಾಗಾದರೆ ಅದು ದೊಡ್ಡ ತ್ಯಾಗವೇ?

ಬ್ರೆಜಿಲ್‌ನಲ್ಲಿ ಹಾಗೆಯೇ ಹೇಳುತ್ತಾರೆ. ದೇಶಪ್ರೇಮ ನಿಜ, ಅನುಮಾನವಿಲ್ಲ. ಆದರೆ ಆರನೇ ಸುತ್ತಿನಲ್ಲಿ ಆಯ್ಕೆಯಾದ ಆಟಗಾರನಿಗೆ ಎನ್‌ಬಿಎ ಕೆಂಪು ಹಾಸು ಹಾಸುವುದಿಲ್ಲ. ಬೆಂಚಿನ ಮೇಲೆ ಕೂತು ಸರದಿಗೆ ಕಾಯಬೇಕು. ಆಗ ಇಟಲಿಯಲ್ಲಿ ಇವರು ತಂಡದ ನಾಯಕಮಣಿ, ಪ್ರತಿ ಪಂದ್ಯದಲ್ಲೂ ಚೆಂಡು ಇವರ ಕೈಗೇ ಬರುತ್ತಿತ್ತು. ಇಟಲಿಯ ಲೀಗ್ ಆಗ ಯುರೋಪಿನಲ್ಲೇ ಶ್ರೀಮಂತವಾದವುಗಳಲ್ಲಿ ಒಂದು. ತ್ಯಾಗ ಎನ್ನುವುದಕ್ಕಿಂತ ತನಗೇನು ಬೇಕೆಂದು ಸ್ಪಷ್ಟವಾಗಿ ಗೊತ್ತಿದ್ದವರ ತೀರ್ಮಾನ ಎನ್ನುವುದು ನನಗೆ ಸರಿ ಕಾಣುತ್ತದೆ. ಅದರಿಂದ ಅವರ ಮರ್ಯಾದೆಗೇನೂ ಕುಂದಿಲ್ಲ.

ಆಟ ಕಲಿತದ್ದು, ಬೆಳೆದದ್ದು ಎಲ್ಲಿ?

ಬ್ರೆಜಿಲ್‌ನ ಎಲ್ಲ ಹುಡುಗರಂತೆ ಮೊದಲು ಫುಟ್‌ಬಾಲ್. ಹದಿಹರೆಯದಲ್ಲಿ ರಾಜಧಾನಿ ಬ್ರೆಸಿಲಿಯಾಗೆ ಬಂದ ಮೇಲೆ ಬ್ಯಾಸ್ಕೆಟ್‌ಬಾಲ್ ಹಿಡಿಯಿತು. ಅಲ್ಲಿಂದ ಸಾವೊ ಪಾಲೊ ನಗರದ ಪಾಲ್ಮೇರಾಸ್ ಕ್ಲಬ್ಬು, 1978ರಲ್ಲಿ ಅದೇ ನಗರದ ಸೀರಿಯೊ. ಇಪ್ಪತ್ತು ತುಂಬಿದ ವರ್ಷವೇ ಮನಿಲಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬ್ರೆಜಿಲ್ ಜತೆ ಕಂಚು. ಆ ಕಂಚು ತಂದದ್ದು ಇಟಲಿಯ ವಿರುದ್ಧ ಕೊನೆಯ ಗಳಿಗೆಯಲ್ಲಿ ಬಹಳ ದೂರದಿಂದ ಬಿದ್ದ ಒಂದು ಎಸೆತ. ಎಸೆದವರು ಮಾರ್ಸೆಲ್ ಡಿ ಸೋಜಾ. ಈ ಹೆಸರು ನೆನಪಿಡಿ, ಮುಂದೆ ಬರುತ್ತದೆ.

1979ರಲ್ಲಿ ಸೀರಿಯೊ ತಂಡ ಯುರೋಪಿನ ಚಾಂಪಿಯನ್ ಆಗಿದ್ದ ಸರಾಯೆವೊದ ಬೋಸ್ನಾ ತಂಡವನ್ನು ಸಾವೊ ಪಾಲೊದಲ್ಲಿ ಹೆಚ್ಚುವರಿ ಅವಧಿಯಲ್ಲಿ 100–98ರಿಂದ ಮಣಿಸಿ ಕ್ಲಬ್‌ಗಳ ವಿಶ್ವ ಕಪ್ ಗೆದ್ದಿತು. ಮೂರು ವರ್ಷಗಳ ಬಳಿಕ ಆಸ್ಕರ್ ಇಟಲಿಗೆ ಹೊರಟರು.

1987ರ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ನಿಜಕ್ಕೂ ಏನಾಯಿತು?

ಅದು ಆಗಸ್ಟ್ 23, ಅಮೆರಿಕ ಖಂಡಗಳ ದೇಶಗಳು ಸೇರುವ ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಪುರುಷರ ಫೈನಲ್. ಆ ನಗರವಿರುವ ಇಂಡಿಯಾನಾ ಎಂದರೆ ಬ್ಯಾಸ್ಕೆಟ್‌ಬಾಲ್‌ಗಾಗಿ ಪ್ರಾಣ ಬಿಡುವ ರಾಜ್ಯ. ಅಮೆರಿಕ ಕಳಿಸಿದ್ದು ಕಾಲೇಜು ಆಟಗಾರರನ್ನು. ಹಾಗೆಂದು ಹುಡುಗರು ಎಂದು ತಳ್ಳಿಹಾಕುವಂತಿರಲಿಲ್ಲ: ಡೇವಿಡ್ ರಾಬಿನ್ಸನ್, ಡ್ಯಾನಿ ಮ್ಯಾನಿಂಗ್, ಪರ್ವಿಸ್ ಎಲಿಸನ್, ರೆಕ್ಸ್ ಚಾಪ್ಮನ್ ಇದ್ದ ತಂಡ. ತರಬೇತುದಾರ ಡೆನ್ನಿ ಕ್ರಮ್. ಅಮೆರಿಕದ ಪುರುಷರ ತಂಡ ಅಲ್ಲಿಯವರೆಗೆ ಸ್ವಂತ ನೆಲದಲ್ಲಿ ಇಂಥ ಕೂಟದ ಪಂದ್ಯ ಸೋತೇ ಇರಲಿಲ್ಲ.

ವಿರಾಮದ ಹೊತ್ತಿಗೆ ಅಮೆರಿಕ 68, ಬ್ರೆಜಿಲ್ 54. ಮನೆಗೆ ಹೊರಟವರೂ ಇದ್ದಿರಬಹುದು.

ದ್ವಿತೀಯಾರ್ಧದಲ್ಲಿ ಬ್ರೆಜಿಲ್ ಒಳಗೆ ನುಗ್ಗುವ ಪ್ರಯತ್ನವನ್ನೇ ಹೆಚ್ಚುಕಡಿಮೆ ಬಿಟ್ಟಿತು. ರಾಬಿನ್ಸನ್ ಬುಟ್ಟಿಯ ಕೆಳಗೆ ನಿಂತಿರುವಾಗ ನುಗ್ಗಿ ಪ್ರಯೋಜನವೂ ಇರಲಿಲ್ಲ. ಆಸ್ಕರ್ ಮತ್ತು ಮಾರ್ಸೆಲ್ ಮೂರು ಅಂಕದ ಗೆರೆಯ ಆಚೆಯಿಂದಲೇ ಎಸೆಯತೊಡಗಿದರು; ಅಲ್ಲಿಂದ ಬಿದ್ದ ಎಸೆತಕ್ಕೆ ಎರಡರ ಬದಲು ಮೂರು ಅಂಕ. ಒಬ್ಬರು ಕಾವಲಿಗೆ ಬಂದರೂ ಎಸೆತ, ಇಬ್ಬರು ಬಂದರೂ ಎಸೆತ. ಚೆಂಡು ಬೀಳುತ್ತಲೇ ಹೋಯಿತು. ಆ ಅರ್ಧದಲ್ಲಿ ಬ್ರೆಜಿಲ್ ಗಳಿಸಿದ 66 ಅಂಕಗಳಲ್ಲಿ ಆಸ್ಕರ್ ಅವರದು 35, ಮಾರ್ಸೆಲ್ ಅವರದು 20. ಉಳಿದವರೆಲ್ಲ ಸೇರಿ 11. ಕೊನೆಗೆ ಬ್ರೆಜಿಲ್ 120, ಅಮೆರಿಕ 115. ಆಸ್ಕರ್ ಒಟ್ಟು 46 ಅಂಕ ಗಳಿಸಿ, ಪಂದ್ಯ ಮುಗಿದ ಗಂಟೆ ಬಾರಿಸಿದ ಮೇಲೆ ಅಂಕಣದಲ್ಲೇ ಬಿದ್ದುಕೊಂಡು ಅತ್ತರು.

ಇದನ್ನು ಪವಾಡ ಎನ್ನುವವರಿದ್ದಾರೆ. ಪವಾಡಕ್ಕಿಂತ ಲೆಕ್ಕ ಹೆಚ್ಚಿತ್ತು. ಫಿಬಾ 6.25 ಮೀಟರ್ ದೂರದ ಮೂರು ಅಂಕದ ಗೆರೆಯನ್ನು 1984ರಲ್ಲೇ ತಂದಿತ್ತು. ಅಮೆರಿಕದ ಕಾಲೇಜುಗಳು ಅದನ್ನು ಎಲ್ಲ ಕಡೆ ಜಾರಿಗೆ ತಂದದ್ದು 1986ರ ಋತುವಿನಲ್ಲಿ, ಅಂದರೆ ಈ ಫೈನಲ್‌ಗೆ ಒಂದು ವರ್ಷ ಮೊದಲಷ್ಟೇ. ಅಮೆರಿಕನ್ನರಿಗೆ ಅದಿನ್ನೂ ಹೊಸದು, ಬ್ರೆಜಿಲ್ ತರಬೇತುದಾರ ಆರಿ ವಿದಾಲ್ ಅವರಿಗೆ ಅದೇ ಮುಖ್ಯ ಅಸ್ತ್ರ. ಇಂದು ಎನ್‌ಬಿಎ ತಂಡಗಳೆಲ್ಲ ಆಡುವ ಆಟವನ್ನು ಅಂದು ಆ ಇಬ್ಬರು ಅಮೆರಿಕದ ಅಂಗಳದಲ್ಲೇ ಆಡಿ ತೋರಿಸಿದ್ದರು.

ಅಮೆರಿಕ ಎನ್‌ಬಿಎ ತಾರೆಗಳ 'ಡ್ರೀಮ್ ಟೀಮ್' ಕಟ್ಟಿದ್ದು ಈ ಸೋಲಿನಿಂದಲೇ ತಾನೇ?

ಅಷ್ಟು ನೇರವಾಗಿಲ್ಲ. ಎನ್‌ಬಿಎ ಆಟಗಾರರಿಗೆ ಬಾಗಿಲು ತೆರೆಯಬೇಕೆಂದು ಫಿಬಾದ ಪ್ರಧಾನ ಕಾರ್ಯದರ್ಶಿ ಬೋರಿಸ್ ಸ್ಟಾಂಕೊವಿಚ್ ವರ್ಷಗಳಿಂದ ಪಟ್ಟು ಹಿಡಿದಿದ್ದರು. 1987ರ ಸೋಲು ಅಮೆರಿಕಕ್ಕೆ ಬಿಸಿ ಮುಟ್ಟಿಸಿತು, 1988ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ಎದುರು ಸೋತದ್ದು ಗಾಯದ ಮೇಲೆ ಬರೆ ಎಳೆಯಿತು. 1989ರ ಏಪ್ರಿಲ್‌ನಲ್ಲಿ ಫಿಬಾ 56–13 ಮತಗಳಿಂದ ನಿಯಮ ಬದಲಿಸಿತು. ತಮಾಷೆಯೆಂದರೆ ವಿರುದ್ಧ ಮತ ಹಾಕಿದವರಲ್ಲಿ ಅಮೆರಿಕದ ಸಂಸ್ಥೆಯೂ ಇತ್ತು.

ಆಸ್ಕರ್ ಅವರ ಕಾಲಿಗೆ ಸುತ್ತಿಕೊಂಡಿದ್ದ ನಿಯಮ ಹೀಗೆ ಬಿಚ್ಚಿಕೊಂಡಾಗ ಅವರಿಗೆ 31 ವರ್ಷ. ಹೋಗಬಹುದಿತ್ತು, ಹೋಗಲಿಲ್ಲ. 1992ರ ಬಾರ್ಸಿಲೋನಾದಲ್ಲಿ ಡ್ರೀಮ್ ಟೀಮ್ ಬ್ರೆಜಿಲ್ ತಂಡವನ್ನು 127–83ರಿಂದ ನುಣ್ಣಗೆ ಅರೆಯಿತು. ಆಸ್ಕರ್ 24 ಅಂಕ ಗಳಿಸಿದರು. ಎದುರಿಗಿದ್ದ ತಂಡದಲ್ಲಿ ಅವರು ಆರಾಧಿಸುತ್ತಿದ್ದ ಎನ್‌ಬಿಎ ದಿಗ್ಗಜ ಲ್ಯಾರಿ ಬರ್ಡ್ ಇದ್ದರು.

ಇಟಲಿಯಲ್ಲಿ ಅಷ್ಟು ವರ್ಷ ಏನು ಮಾಡಿದರು?

ಹನ್ನೊಂದು ವರ್ಷ, ಎರಡು ಊರು. 1982ರಿಂದ 1990ರವರೆಗೆ ಕಾಸೆರ್ತಾ, ನಂತರ 1993ರವರೆಗೆ ಉತ್ತರದ ಪಾವಿಯಾ.

ಕಾಸೆರ್ತಾ ನೇಪಲ್ಸ್ ಹತ್ತಿರದ ಊರು. ಅಲ್ಲಿನ ಬೂರ್ಬೊನ್ ದೊರೆಗಳ ಅರಮನೆ ಪ್ರಸಿದ್ಧ. ಇಟಲಿಯ ಬ್ಯಾಸ್ಕೆಟ್‌ಬಾಲ್ ಆಗ ಉತ್ತರದವರ ಸೊತ್ತು: ಮಿಲಾನ್, ಬೊಲೊನ್ಯಾ, ವಾರೇಸೆ, ಕಾಂತು. ದಕ್ಷಿಣದ ತಂಡ ಪ್ರಶಸ್ತಿ ಗೆಲ್ಲುತ್ತದೆ ಎಂದರೆ ನಗುವವರೇ ಹೆಚ್ಚು. ಕಟ್ಟಡ ಗುತ್ತಿಗೆದಾರ ಜೊವಾನಿ ಮಜ್ಜೊ ಕ್ಲಬ್ಬಿನ ಮಾಲೀಕರು. ತಂಡಕ್ಕೆ ತಕ್ಕ ಅಂಗಣವಿಲ್ಲವೆಂದು ಸುಮಾರು ನೂರು ದಿನಗಳಲ್ಲಿ ಒಂದನ್ನು ಕಟ್ಟಿಸಿಯೇ ಬಿಟ್ಟರು. ತರಬೇತುದಾರ ಬೊಗ್ದಾನ್ ತಾನ್ಯೆವಿಚ್ ಬ್ರೆಜಿಲ್‌ನಿಂದ ಆಸ್ಕರ್ ಅವರನ್ನು ಕರೆತಂದರು.

ಆಮೇಲಿನದು ಅಂಕಗಳ ಸುರಿಮಳೆ. ಇಟಲಿಯ ಲೀಗ್‌ನಲ್ಲಿ ಏಳು ಬಾರಿ ಅತಿ ಹೆಚ್ಚು ಅಂಕ ಗಳಿಸಿದವರು ಇವರೇ. ಅಲ್ಲಿ ಹತ್ತು ಸಾವಿರ ಅಂಕ ದಾಟಿದ ಮೊದಲಿಗರೂ ಇವರೇ. ತಂಡದ ಕಪಾಟು ಮಾತ್ರ ಅದಕ್ಕೆ ತಕ್ಕಂತೆ ತುಂಬಲಿಲ್ಲ. 1986 ಮತ್ತು 1987ರಲ್ಲಿ ಲೀಗ್ ಫೈನಲ್ ತಲುಪಿ ಎರಡೂ ಸಲ ಮಿಲಾನ್‌ಗೆ ಸೋತರು. 1988ರಲ್ಲಿ ಇಟಲಿ ಕಪ್ ಸಿಕ್ಕಿತು, ಅಷ್ಟೇ.

1990ರಲ್ಲಿ ಕ್ಲಬ್ಬು ಅವರನ್ನು ಬಿಟ್ಟುಕೊಟ್ಟಿತು. ಮರುವರ್ಷವೇ, 1991ರಲ್ಲಿ, ಊರಿನ ಹುಡುಗರಾದ ನಾಂದೊ ಜೆಂಟಿಲೆ, ಎಂಜೊ ಎಸ್ಪೊಸಿತೊ ಇದ್ದ ಕಾಸೆರ್ತಾ ಮಿಲಾನ್‌ಗೆ ಹೋಗಿ ಐದನೇ ಪಂದ್ಯ ಗೆದ್ದು ಚಾಂಪಿಯನ್ ಆಯಿತು. ದಕ್ಷಿಣ ಇಟಲಿಗೆ ಬಂದ ಮೊದಲ ಪ್ರಶಸ್ತಿ. ಎಂಟು ವರ್ಷ ಬಿತ್ತಿದವರು ಕೊಯ್ಲಿನ ದಿನ ಪಾವಿಯಾದಲ್ಲಿದ್ದರು. ಆಸ್ಕರ್ ಇಲ್ಲದ್ದರಿಂದಲೇ ಚೆಂಡು ಎಲ್ಲರ ಕೈಗೂ ಬಂತು, ಅದಕ್ಕೇ ಗೆದ್ದರು ಎನ್ನುವವರಿದ್ದಾರೆ. ಆಸ್ಕರ್ ಜತೆ ಆಡಿಯೇ ಆ ಹುಡುಗರು ಗೆಲ್ಲುವುದನ್ನು ಕಲಿತರು ಎನ್ನುವವರೂ ಇದ್ದಾರೆ. ನನಗೆ ಎರಡರಲ್ಲೂ ಹುರುಳಿದೆ ಎನಿಸುತ್ತದೆ. ಕಾಸೆರ್ತಾ ಅವರ 18ನೇ ನಂಬರಿನ ಜೆರ್ಸಿಯನ್ನು ಮತ್ತೆ ಯಾರಿಗೂ ಕೊಡದೆ ನಿವೃತ್ತಿಗೊಳಿಸಿದೆ.

ಒಲಿಂಪಿಕ್ಸ್ ದಾಖಲೆ ಎಷ್ಟು?

ಐದು ಒಲಿಂಪಿಕ್ಸ್, 38 ಪಂದ್ಯ, 1,093 ಅಂಕ. ಒಲಿಂಪಿಕ್ಸ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಾವಿರ ದಾಟಿದವರು ಬೇರೆ ಯಾರೂ ಇಲ್ಲ. 1980ರ ಮಾಸ್ಕೋದಲ್ಲಿ 169, 1984ರ ಲಾಸ್ ಏಂಜಲೀಸ್‌ನಲ್ಲಿ ಮತ್ತೆ 169, 1988ರ ಸೋಲ್‌ನಲ್ಲಿ 338, ಬಾರ್ಸಿಲೋನಾದಲ್ಲಿ 198, 1996ರ ಅಟ್ಲಾಂಟಾದಲ್ಲಿ 219.

ಸೋಲ್‌ನ ಅಂಕಿಯ ಮೇಲೆ ಒಂದು ಕ್ಷಣ ಕಣ್ಣು ನಿಲ್ಲಿಸಿ. ಎಂಟು ಪಂದ್ಯಗಳಲ್ಲಿ 338, ಸರಾಸರಿ 42ಕ್ಕಿಂತ ಹೆಚ್ಚು. ಒಲಿಂಪಿಕ್ಸ್‌ನಲ್ಲಿ ಮೂರು ಅಂಕದ ಗೆರೆ ಎಳೆದದ್ದು ಆ ವರ್ಷವೇ ಮೊದಲು. ಸ್ಪೇನ್ ವಿರುದ್ಧ ಒಂದೇ ಪಂದ್ಯದಲ್ಲಿ 55 ಅಂಕ ಗಳಿಸಿದರು, ಅದು ಒಲಿಂಪಿಕ್ಸ್ ದಾಖಲೆ. ಆ ಪಂದ್ಯದಲ್ಲಿ ಬ್ರೆಜಿಲ್ ಸೋತಿತು. ಅಟ್ಲಾಂಟಾಗೆ ಹೋದಾಗ ಅವರಿಗೆ 38 ವರ್ಷ, ಅಲ್ಲೂ ಅತಿ ಹೆಚ್ಚು ಅಂಕ ಅವರದೇ.

ಪದಕ ಎಷ್ಟು?

ಒಲಿಂಪಿಕ್ಸ್‌ನಲ್ಲಿ ಒಂದೂ ಇಲ್ಲ. ಬ್ರೆಜಿಲ್ ಐದನೇ ಸ್ಥಾನ ಮೂರು ಸಲ, ಆರನೇ ಸ್ಥಾನ ಒಮ್ಮೆ, ಒಂಬತ್ತನೇ ಸ್ಥಾನ ಒಮ್ಮೆ. 1988, 1992, 1996 ಮೂರರಲ್ಲೂ ಕ್ವಾರ್ಟರ್‌ಫೈನಲ್‌ನಲ್ಲೇ ತಡೆ. ಎದುರಿಗೆ ಬಂದವರು ಕ್ರಮವಾಗಿ ಸೋವಿಯತ್ ಒಕ್ಕೂಟ, ಲಿಥುವೇನಿಯಾ, ಅಮೆರಿಕ. ಮೂವರೂ ಪದಕ ಗೆದ್ದೇ ಮನೆಗೆ ಹೋದವರು. ಮನಸ್ಸು ಕೊರೆಯುವುದು ಸೋಲ್‌ನದು: ಆ ವರ್ಷ ಚಿನ್ನ ಗೆದ್ದ ಸೋವಿಯತ್ ತಂಡಕ್ಕೆ 110–105ರ ಸೋಲು.

ಬ್ರೆಜಿಲ್ ಈ ಆಟದಲ್ಲಿ ಸಣ್ಣ ದೇಶವಲ್ಲ. 1959 ಮತ್ತು 1963ರ ವಿಶ್ವ ಚಾಂಪಿಯನ್, 1948, 1960, 1964ರ ಒಲಿಂಪಿಕ್ಸ್ ಕಂಚು. ವ್ಲಾಮಿರ್ ಮಾರ್ಕೆಸ್, ಅಮೌರಿ ಪಾಸೊಸ್ ಅವರ ಕಾಲದ ಆ ತಂಡಗಳ ಎದುರು ಆಸ್ಕರ್ ಪೀಳಿಗೆಯನ್ನು ಅಲ್ಲಿನ ಹಿರಿಯರು ತೂಗಿ ನೋಡುವುದು ಸಹಜ.

ಭಾರತದ ವಿರುದ್ಧ ಆಸ್ಕರ್ ತಂಡ ಆಡಿತ್ತೇ?

ಆಡಿತ್ತು. ಭಾರತದ ಪುರುಷರ ತಂಡ ಒಲಿಂಪಿಕ್ಸ್ ಬ್ಯಾಸ್ಕೆಟ್‌ಬಾಲ್ ಆಡಿದ್ದು ಒಮ್ಮೆ ಮಾತ್ರ, 1980ರ ಮಾಸ್ಕೋದಲ್ಲಿ. ಅಮೆರಿಕ ಮತ್ತು ಅದರ ಗೆಳೆಯ ದೇಶಗಳು ಬಹಿಷ್ಕಾರ ಹಾಕಿದ್ದರಿಂದ ಜಾಗ ತೆರವಾಗಿತ್ತು. ಗುಂಪಿನಲ್ಲಿ ಸೋವಿಯತ್ ಒಕ್ಕೂಟ, ಬ್ರೆಜಿಲ್, ಜೆಕೊಸ್ಲೊವಾಕಿಯಾ. ಮೂರೂ ಪಂದ್ಯಗಳಲ್ಲಿ ಭಾರತ ಭಾರಿ ಅಂತರದಿಂದ ಸೋತು, ಕೊನೆಗೆ 12ನೇ ಸ್ಥಾನದಲ್ಲಿ ಉಳಿಯಿತು. ಆಸ್ಕರ್ ಅವರಿಗೂ ಅದೇ ಮೊದಲ ಒಲಿಂಪಿಕ್ಸ್.

'ಪವಿತ್ರ ಹಸ್ತ' ಎಂಬ ಅಡ್ಡಹೆಸರು ಅವರಿಗೆ ಇಷ್ಟವಿತ್ತೇ?

ಹೆಸರನ್ನು ಹೊತ್ತು ತಿರುಗಿದರು, ಆದರೆ ತಿದ್ದುತ್ತಲೇ ಇದ್ದರು. ಇದು ದೇವರು ಕೊಟ್ಟ ಕೈಯಲ್ಲ, ಪಳಗಿಸಿದ ಕೈ ಎಂಬುದು ಅವರ ಮಾತಿನ ಸಾರ. ತಂಡದ ಅಭ್ಯಾಸ ಮುಗಿದು ಎಲ್ಲರೂ ಸ್ನಾನಕ್ಕೆ ಹೊರಟ ಮೇಲೆ ಅವರು ನೂರಾರು ಎಸೆತಗಳಿಗೆ ನಿಲ್ಲುತ್ತಿದ್ದರು. ಚೆಂಡು ಹೆಕ್ಕಿ ಮರಳಿ ಕೊಡಲು ಎಷ್ಟೋ ಸಲ ಹೆಂಡತಿ ಕ್ರಿಸ್ಟಿನಾ ಬುಟ್ಟಿಯ ಕೆಳಗೆ ನಿಂತಿರುತ್ತಿದ್ದರು. ನನ್ನ ಕೇಳಿದರೆ ಆ ದಾಖಲೆಗಳಲ್ಲಿ ಒಂದು ಪಾಲು ಆಕೆಗೂ ಸಲ್ಲಬೇಕು.

ವೃತ್ತಿಜೀವನದಲ್ಲಿ ಒಟ್ಟು 49,737 ಅಂಕ ಎನ್ನುತ್ತಾರೆ. ನಂಬಬಹುದೇ? ಲೆಬ್ರಾನ್ ಜೇಮ್ಸ್ ಅದನ್ನು ಮುರಿದರೇ?

ಈ ಮೊತ್ತದಲ್ಲಿ ಕ್ಲಬ್ಬುಗಳ ಪರ ಗಳಿಸಿದ ಅಂಕಗಳ ಜತೆ ಬ್ರೆಜಿಲ್ ತಂಡದ ಪರ ಗಳಿಸಿದ 7,693 ಸೇರಿವೆ. ಸುಮಾರು ಮೂರು ದಶಕ, ಮೂರು ದೇಶ, ಹತ್ತಾರು ಬಗೆಯ ಟೂರ್ನಿಗಳು. ಎನ್‌ಬಿಎಯಂತೆ ಪ್ರತಿ ಪಂದ್ಯದ ಲೆಕ್ಕ ಒಂದೇ ಕಡೆ ಭದ್ರವಾಗಿಟ್ಟ ವ್ಯವಸ್ಥೆಯಿಂದ ಬಂದ ಅಂಕಿಯಲ್ಲ. 2024ರಲ್ಲಿ ಎನ್‌ಬಿಎ ತಾರೆ ಲೆಬ್ರಾನ್ ಆ ಸಂಖ್ಯೆಯನ್ನು ದಾಟಿದರೆಂದು ಸುದ್ದಿಯಾಯಿತು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಕಷ್ಟ. ಎನ್‌ಬಿಎ ಪಂದ್ಯ 48 ನಿಮಿಷ, ಫಿಬಾ ಪಂದ್ಯ 40. ಎನ್‌ಬಿಎ ಲೀಗ್ ಹಂತದಲ್ಲೇ 82 ಪಂದ್ಯ, ಇಟಲಿಯಲ್ಲಿ ಆಗ 30ರ ಆಸುಪಾಸು. ಇನ್ನೊಂದೆಡೆ ಎದುರಾಳಿಗಳ ಮಟ್ಟದಲ್ಲಿ ಅಜಗಜಾಂತರ. ಅಭಿಮಾನಿಗಳು ಈ ಅಂಕಿ ಹಿಡಿದು ಜಗಳಕ್ಕೆ ನಿಲ್ಲುವುದನ್ನು ನೋಡಿದರೆ ನಗು ಬರುತ್ತದೆ. ಒಲಿಂಪಿಕ್ಸ್‌ನ 1,093 ಬಗ್ಗೆ ಅಂಥ ತಕರಾರಿಲ್ಲ, ಪಂದ್ಯ ಪಂದ್ಯದ ಲೆಕ್ಕ ಇದೆ. ಆಸ್ಕರ್ ಅವರನ್ನು ಅಳೆಯುವುದಾದರೆ ಅದರಿಂದ ಅಳೆಯಿರಿ.

ಡಿಫೆನ್ಸ್ ಮಾಡುತ್ತಲೇ ಇರಲಿಲ್ಲವಂತೆ?

ಹೆಚ್ಚಾಗಿ ಇಲ್ಲ. ಈ ಟೀಕೆ ಸುಳ್ಳಲ್ಲ. ಚೆಂಡು ಸಿಕ್ಕರೆ ಎಸೆಯುವುದು ಮೊದಲು, ಪಾಸ್ ಆಮೇಲೆ. ಇವರ ತಂಡಗಳು ಅಂಕ ಸುರಿಸಿ ಗೆಲ್ಲುತ್ತಿದ್ದವು, ಅಂಕ ಬಿಟ್ಟುಕೊಟ್ಟು ಸೋಲುತ್ತಿದ್ದವು. ಎದುರಾಳಿಗೆ 115 ಬಿಟ್ಟುಕೊಟ್ಟೂ ಗೆದ್ದ ಇಂಡಿಯಾನಾಪೊಲಿಸ್ ಮತ್ತು 105 ಗಳಿಸಿಯೂ ಸೋತ ಸೋಲ್ ನಗರದ ಪಂದ್ಯ ಒಂದೇ ಬಗೆಯ ಆಟದ ಫಲ.

ಕೋಬಿ ಬ್ರಯಂಟ್‌ಗೂ ಇವರಿಗೂ ಏನು ಸಂಬಂಧ?

ಮುಂದೆ ಎನ್‌ಬಿಎ ತಾರೆಯಾದ ಕೋಬಿಯ ತಂದೆ ಜೋ ಬ್ರಯಂಟ್ 1984ರಿಂದ ಕೆಲವು ವರ್ಷ ಇಟಲಿಯಲ್ಲಿ ಆಡಿದರು. ಹುಡುಗ ಕೋಬಿ ಅಲ್ಲೇ ಬೆಳೆದದ್ದು. ಅಪ್ಪನ ಎದುರು ತಂಡದಲ್ಲಿ ಆಡುತ್ತಿದ್ದ ಆಸ್ಕರ್ ಅವರನ್ನು ಕಣ್ಣರಳಿಸಿ ನೋಡಿದವರಲ್ಲಿ ಆತನೂ ಒಬ್ಬ. ಬಾಲ್ಯದ ಆದರ್ಶಗಳಲ್ಲಿ ಅವರೊಬ್ಬರು ಎಂದು ಕೋಬಿ ಬಹಿರಂಗವಾಗಿಯೇ ಹೇಳಿಕೊಂಡಿದ್ದರು.

ಇಟಲಿ ಬಿಟ್ಟ ಮೇಲೆ?

ಸ್ಪೇನ್‌ನ ವಯ್ಯಾದೊಲಿದ್‌ನಲ್ಲಿ ಎರಡು ಋತು. 1995ರಲ್ಲಿ ಬ್ರೆಜಿಲ್‌ಗೆ ಮರಳಿ ಕೊರಿಂತಿಯನ್ಸ್ ಸೇರಿ 1996ರಲ್ಲಿ ರಾಷ್ಟ್ರೀಯ ಪ್ರಶಸ್ತಿ. ಕೊನೆಗೆ ರಿಯೊದ ಫ್ಲಾಮೆಂಗೊ, ಅಲ್ಲಿಂದ 2003ರಲ್ಲಿ, 45ನೇ ವಯಸ್ಸಿನಲ್ಲಿ ನಿವೃತ್ತಿ. ನಡುವೆ 1998ರಲ್ಲಿ ಸಾವೊ ಪಾಲೊದಿಂದ ಸೆನೆಟ್ ಚುನಾವಣೆಗೆ ನಿಂತು ಸೋತರು. ರಾಜಕೀಯದ ಬಗ್ಗೆ ಅದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ಎನ್‌ಬಿಎ ಆಡದವರಿಗೆ ಅಮೆರಿಕದ ಹಾಲ್ ಆಫ್ ಫೇಮ್ ಹೇಗೆ ಸಿಕ್ಕಿತು?

ಬ್ಯಾಸ್ಕೆಟ್‌ಬಾಲ್‌ನ ಮಹನೀಯರನ್ನು ಗೌರವಿಸುವ ನೇಸ್ಮಿತ್ ಹಾಲ್ ಆಫ್ ಫೇಮ್ ಎನ್‌ಬಿಎಗೆ ಸೇರಿದ್ದಲ್ಲ, ಆಟಕ್ಕೆ ಸೇರಿದ್ದು. ಫಿಬಾ 2010ರಲ್ಲಿ ಗೌರವಿಸಿತ್ತು, ನೇಸ್ಮಿತ್ ಸರದಿ 2013ರಲ್ಲಿ ಬಂತು. ಅಂದು ಅವರನ್ನು ವೇದಿಕೆಗೆ ಪರಿಚಯಿಸಿದವರು ಲ್ಯಾರಿ ಬರ್ಡ್. 2011ರಲ್ಲಿ ಆಸ್ಕರ್ ಅವರ ಮಿದುಳಿನಲ್ಲಿ ಗೆಡ್ಡೆ ಪತ್ತೆಯಾಗಿ ಶಸ್ತ್ರಚಿಕಿತ್ಸೆಯಾಗಿತ್ತು, 2013ರಲ್ಲಿ ಮತ್ತೊಂದು. ಅದೇ ವರ್ಷ ಆ ವೇದಿಕೆಯಲ್ಲಿ ನಿಂತು ಮಾತನಾಡಿ ಸಭೆಯನ್ನು ನಗಿಸಿದರು, ಅಳಿಸಿದರು. 2016ರ ರಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಒಲಿಂಪಿಕ್ ಧ್ವಜ ಹಿಡಿದು ನಡೆದವರಲ್ಲಿಯೂ ಒಬ್ಬರಾಗಿದ್ದರು. 2017ರಲ್ಲಿ ನ್ಯೂ ಆರ್ಲಿಯನ್ಸ್‌ನ ಎನ್‌ಬಿಎ ಆಲ್‌ಸ್ಟಾರ್ ವಾರಾಂತ್ಯದ ಸೆಲೆಬ್ರಿಟಿ ಪಂದ್ಯದಲ್ಲಿ, ಅರವತ್ತರ ಹೊಸ್ತಿಲಲ್ಲಿ, ಆಡಿಯೂ ಬಂದರು.

ಹಾಗಾದರೆ ಎನ್‌ಬಿಎ ಆಡಿದ ಮೊದಲ ಬ್ರೆಜಿಲಿಯನ್ ಯಾರು?

ರೊಲಾಂಡೊ ಫೆರೇರಾ, 1988ರಲ್ಲಿ ಪೋರ್ಟ್‌ಲ್ಯಾಂಡ್ ಪರ. ನೆನೆ, ಲಿಯಾಂಡ್ರೊ ಬಾರ್ಬೊಸಾ, ಆಂಡರ್ಸನ್ ವರೆಜಾವೊ ಬಂದದ್ದು 2000ದ ನಂತರ. ಟಿಯಾಗೊ ಸ್ಪ್ಲಿಟರ್ 2014ರಲ್ಲಿ ಸ್ಯಾನ್ ಆಂಟೋನಿಯೊ ಜತೆ ಪ್ರಶಸ್ತಿ ಗೆದ್ದ ಮೊದಲ ಬ್ರೆಜಿಲಿಯನ್. ವಿಚಿತ್ರವೆಂದರೆ ಎನ್‌ಬಿಎ ಬಾಗಿಲು ಬ್ರೆಜಿಲ್‌ಗೆ ವಿಶಾಲವಾಗಿ ತೆರೆದ ಕಾಲದಲ್ಲೇ ಅದರ ಪುರುಷರ ತಂಡ 2000, 2004, 2008ರ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ.

ಮನೆಯಲ್ಲಿ ಬೇರೆ ಕ್ರೀಡಾಪಟುಗಳಿದ್ದಾರೆಯೇ?

ಸೋದರನ ಮಗ ಬ್ರುನೊ ಶ್ಮಿಟ್ 2016ರ ರಿಯೊದಲ್ಲಿ ಅಲಿಸನ್ ಜತೆಗೂಡಿ ಬೀಚ್ ವಾಲಿಬಾಲ್ ಚಿನ್ನ ಗೆದ್ದರು. ದೊಡ್ಡಪ್ಪನಿಗೆ ಐದು ಸಲ ಹೋದರೂ ಸಿಗದ ಒಲಿಂಪಿಕ್ಸ್ ಪದಕ ಹೀಗೆ ಮನೆಗೆ ಬಂತು. ಆಸ್ಕರ್ ಅವರ ತಮ್ಮ ತದೇವು ಶ್ಮಿಟ್ ಬ್ರೆಜಿಲ್‌ನ ಹೆಸರಾಂತ ಟಿವಿ ನಿರೂಪಕ.

ಒಂದೇ ಪಂದ್ಯ ನೋಡಲು ಸಮಯವಿದೆ. ಯಾವುದು ನೋಡಲಿ?

ಎಲ್ಲರೂ ಇಂಡಿಯಾನಾಪೊಲಿಸ್ ಎನ್ನುತ್ತಾರೆ. ನಾನು 1989ರ ಮಾರ್ಚ್‌ನ ಅಥೆನ್ಸ್ ಎನ್ನುತ್ತೇನೆ: ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್, ಕಾಸೆರ್ತಾ ಮತ್ತು ರಿಯಲ್ ಮ್ಯಾಡ್ರಿಡ್. ಆಸ್ಕರ್ 44 ಅಂಕ ಗಳಿಸಿದರು, ಮ್ಯಾಡ್ರಿಡ್‌ನ ದ್ರಾಜೆನ್ ಪೆಟ್ರೊವಿಚ್ 62. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ ಕಾಸೆರ್ತಾ 117–113ರಿಂದ ಸೋತಿತು. ಪೆಟ್ರೊವಿಚ್ ಚೆಂಡನ್ನು ತಾನೇ ಪುಟಿಸಿಕೊಂಡು ಬಂದು, ಎದುರಾಳಿಯನ್ನು ಕುಣಿಸಿ, ತಪ್ಪು ಮಾಡಿಸಿ, ಫ್ರೀ ಥ್ರೋ (ಯಾರ ತಡೆಯೂ ಇಲ್ಲದ ಎಸೆತ) ಗಿಟ್ಟಿಸುತ್ತಾರೆ. ಆಸ್ಕರ್ ಪುಟಿಸುವುದೇ ಕಡಿಮೆ. ಜತೆಗಾರರು ಒಡ್ಡಿದ ತಡೆಯ ಮರೆಯಿಂದ ಹೊರಬರುತ್ತಾರೆ, ಚೆಂಡು ಕೈಗೆ ಬರುವ ಮೊದಲೇ ಪಾದಗಳು ಬುಟ್ಟಿಯತ್ತ ತಿರುಗಿರುತ್ತವೆ, ಹಿಡಿದದ್ದೂ ಎಸೆದದ್ದೂ ಒಂದೇ ಚಲನೆ. ಚೆಂಡನ್ನು ಬಿಟ್ಟು ಅವರ ಕಾಲುಗಳನ್ನೇ ನೋಡುತ್ತಾ ಹೋಗಿ. ಕಾವಲಿಗಿದ್ದವರು ಪ್ರತಿ ಸಲ ಅರ್ಧ ಹೆಜ್ಜೆ ತಡವಾಗಿ ಬಂದದ್ದು ಯಾಕೆಂದು ಗೊತ್ತಾಗುತ್ತದೆ.